ಮೆಲ್ಬರ್ನ್‌ನಲ್ಲೊಂದು ಸೋಫಾ

ಬೆಂಗಳೂರಿನಲ್ಲಿ ಬೆಳೆದವರಿಗೆ ಸೈಟ್ ಸೀಯಿಂಗ್ ಎಂದರೆ ಭಾನುವಾರ ಸ್ಕೂಟರ್ ಹತ್ತಿ ಊರಾಚೆ ಹೋಗಿ, ನಾಲ್ಕು ಮೂಲೆಗೂ ಕಲ್ಲು ನೆಟ್ಟ ಥರ್ಟಿ-ಫಾರ್ಟಿ ಸೈಟು ನೋಡಿ, ಇಲ್ಲಿ ನೀರು ಬರತ್ತಾ ಎಂದು ಕೇಳಿ ವಾಪಸು ಬರುವುದು. ಬಸವೇಶ್ವರನಗರದ ಶಕುಂತಲಾ ಆ ಪೈಕಿಯವಳೇ. ಅಂಥವಳು 2016ರ ಜುಲೈಯಲ್ಲಿ ಮೆಲ್ಬರ್ನ್‌ಗೆ ಹೋಗಿ, ಅಲ್ಲಿ ನೋಡಬೇಕಾದ್ದನ್ನೆಲ್ಲ ಒಂದೂ ಬಿಡದೆ ನೋಡಿ, ಸ್ವೀಡನ್ನಿನ ಸುಂಡ್‌ಬೀಬರ್ಗ್ ಊರಿನ ತನ್ನ ಎರಡು ಕೋಣೆಯ ಬಾಡಿಗೆ ಮನೆಗೆ ವಾಪಸಾದಳು. ಬಂದವಳು ಸೂಟ್‌ಕೇಸಿನಿಂದ ಮೊದಲು ಹೊರತೆಗೆದದ್ದು ಮಗಳಿಗೆಂದು ಒಯ್ದಿದ್ದ ಸಾರಿನ ಪುಡಿಯ ಡಬ್ಬಿ. ಹೋಗುವಾಗ ತುಂಬಿದ್ದು ಹಾಗೇ ಇತ್ತು. ಅಲ್ಲಿಯ ಏರ್‌ಪೋರ್ಟಿನವರು ಅದನ್ನು ಮೂಸಿ, ಅಲುಗಾಡಿಸಿ, ಕೊನೆಗೆ ಒಳಗೆ ಬಿಟ್ಟಿದ್ದರು. ಒಳಗೆ ಹೋದ ಮೇಲೆ ಅದಕ್ಕೊಂದು ಒಲೆ ಸಿಗಲಿಲ್ಲ.

ಗಂಡ ಭಾಸ್ಕರನ ಟೆಲಿಕಾಂ ಕೆಲಸದ ಬೆನ್ನು ಹಿಡಿದು ಅವಳು ಸ್ವೀಡನ್ನಿಗೆ ಬಂದಾಗ ಮಗಳು ಇಶಾಗೆ ಆರು ವರ್ಷ. ಭಾಸ್ಕರ ತೀರಿಹೋಗಿ ನಾಲ್ಕು ವರ್ಷವಾಗಿತ್ತು, ಇಶಾ ಆರ್ಕಿಟೆಕ್ಟ್ ಆಗಿ ಮೆಲ್ಬರ್ನ್ ಸೇರಿ ಎರಡು. ಶಕುಂತಲಾಗೆ ದಾಗಿಸ್‌ನಲ್ಲಿ, ಅಂದರೆ ಪುಟ್ಟ ಮಕ್ಕಳನ್ನು ಬಿಡುವ ಶಾಲೆಯಲ್ಲಿ, ಅಡುಗೆಮನೆಯ ಕೆಲಸ. ಹಗಲೆಲ್ಲ ನಲವತ್ತು ಮಕ್ಕಳಿಗೆ ಬೇಯಿಸಿ ಬಂದವಳಿಗೆ ಸಂಜೆ ಒಬ್ಬಳಿಗೆ ಅನ್ನ ಇಡುವಾಗ ಅಳತೆ ತಪ್ಪುತ್ತಿತ್ತು. ಉಳಿದ ಅನ್ನ ಮಾರನೇ ದಿನಕ್ಕೆ ಚಿತ್ರಾನ್ನ. ಅದೂ ಉಳಿದರೆ ಅದರ ಮಾರನೇ ದಿನಕ್ಕೆ ವಿಚಿತ್ರಾನ್ನ.

ನಮ್ಮಲ್ಲಿ ಉಪಚಾರಕ್ಕೆ ಒಂದು ತಾಳವಿದೆ. ಕಾಫಿ ತಗೋತೀರಾ ಎಂದರೆ ಮೊದಲ ಸಲ ಅಯ್ಯೋ ಬೇಡ. ಎರಡನೇ ಸಲ ಈಗ ತಾನೇ ಆಯ್ತು. ಮೂರನೇ ಸಲ ಬಲವಂತ ಮಾಡ್ತೀರಲ್ಲ, ಅರ್ಧ ಲೋಟ ಸಾಕು. ಆ ಅರ್ಧ ಲೋಟ ತುಂಬಿಕೊಂಡೇ ಬರುತ್ತದೆ. ನಾವು ಬೇಡ ಎನ್ನುವುದೇ ಬೇಕಂತ. ಸ್ವೀಡನ್ನಿನವರು ಹಾಗಲ್ಲ, ಒಂದೇ ಸಲ ಕೇಳುತ್ತಾರೆ. ಬೇಡ ಅಂದವರನ್ನು ಮತ್ತೆ ಕೇಳುವುದು ಅವರ ಮಾತಿಗೆ ಬೆಲೆ ಕೊಡದ ಹಾಗೆ. ದಾಗಿಸ್ ಸೇರಿದ ಹೊಸತರಲ್ಲಿ, ಫಿಕಾ ಎನ್ನುವ ಅವರ ಕಾಫಿ ಹೊತ್ತಿನಲ್ಲಿ, ಚಕ್ಕೆಪುಡಿ ಹಾಕಿದ ಬನ್ನಿನ ತಟ್ಟೆ ಮುಂದೆ ಬಂದಾಗ ಶಕುಂತಲಾ ಸಂಕೋಚಕ್ಕೆ ಬೇಡ ಅಂದಳು. ತಟ್ಟೆ ಮುಂದೆ ಹೋಯಿತು, ವಾಪಸು ಬರಲಿಲ್ಲ. ಶಕುಂತಲಾಗೆ ಬನ್ನು ಸೇರುವುದಿಲ್ಲ ಎಂದು ಎಲ್ಲರೂ ನೆನಪಿಟ್ಟುಕೊಂಡರು. ಪಾಪ, ಒಳ್ಳೆಯ ಜನ. ಆಮೇಲೆ ಬನ್ನು ತಂದಾಗಲೆಲ್ಲ ಅವಳ ಪಾಲಿಗೆ ಒಂದು ಸೇಬು ಇಡುತ್ತಿದ್ದರು. ಬನ್ನಿ ಬನ್ನಿ ಎನ್ನುತ್ತಿದ್ದರು, ಬನ್ನು ಮಾತ್ರ ಇಲ್ಲ. ಅಲ್ಲಿ ಅವಳು ಬೇಗ ಪಾಠ ಕಲಿತಳು. ಆ ಪಾಠ ಸ್ವಂತ ಮಗಳ ಹತ್ತಿರವೂ ಬೇಕಾದೀತು ಎಂದು ಹೊಳೆಯಲಿಲ್ಲ. ಮಗಳು ಕನ್ನಡದಲ್ಲಿ ಮಾತಾಡುತ್ತಾಳೆ, ಹಾಗಾಗಿ ಕನ್ನಡದಲ್ಲೇ ಕೇಳಿಸಿಕೊಳ್ಳುತ್ತಾಳೆ ಎಂದುಕೊಂಡಿದ್ದಳು.

ವಸಂತದಲ್ಲಿ ಇಶಾ ವಿಡಿಯೋ ಕಾಲ್ ಮಾಡಿ, ಜುಲೈಗೆ ಬಂದಾಗ ನನ್ನ ರೂಮಿನಲ್ಲಿ ಇರುತ್ತೀಯಾ, ಹೋಟೆಲ್ ಬೇಕಾ ಎಂದು ಕೇಳಿದಳು. ಇಶಾ ಇದ್ದ ಮನೆಯಲ್ಲಿ ಬಾಡಿಗೆ ಹಂಚಿಕೊಳ್ಳುವ ಇನ್ನಿಬ್ಬರು ಹುಡುಗಿಯರಿದ್ದರು.

“ಅಯ್ಯೋ, ನನಗೋಸ್ಕರ ಯಾಕೆ ತೊಂದರೆ ತಗೋತೀಯ. ಹೋಟೆಲ್ ಆದ್ರೂ ಆಗತ್ತೆ.”

“ಶ್ಯೂರ್?”

ಇದು ಎರಡನೇ ಸುತ್ತು ಎಂದುಕೊಂಡು ಶಕುಂತಲಾ ತಾಳ ತಪ್ಪದ ಹಾಗೆ, ನೀನು ನಿನ್ನ ಪಾಡಿಗೆ ಆರಾಮಾಗಿರು ಎಂದು ಹೇಳಿ ಮೂರನೆಯದಕ್ಕೆ ಕಾದಳು.

“ಓಕೆ ಅಮ್ಮ” ಎಂದಳು ಇಶಾ.

ಮಾರನೇ ದಿನವೇ ನದಿಯ ಪಕ್ಕದ ಒಳ್ಳೆಯ ಹೋಟೆಲ್ ಬುಕ್ ಆಯಿತು, ಬೆಳಗಿನ ತಿಂಡಿ ಸಮೇತ. ಜೊತೆಗೆ ಊರು ಸುತ್ತುವ ಟಿಕೆಟ್‌ಗಳು. ಪ್ರೀತಿಯಲ್ಲಿ ಎಳ್ಳಷ್ಟೂ ಕೊರತೆಯಿರಲಿಲ್ಲ, ಕಷ್ಟವೇ ಅದು. ಕೊರತೆಯಿದ್ದಿದ್ದರೆ ಜಗಳವಾಡಬಹುದಿತ್ತು.

ಜುಲೈಯಲ್ಲಿ ಸ್ವೀಡನ್ನಿಗೆ ಸ್ವೀಡನ್ನೇ ಬಾಗಿಲು ಹಾಕಿಕೊಂಡು ರಜೆಗೆ ಹೋಗುತ್ತದೆ, ದಾಗಿಸ್ ಕೂಡ. ಮೆಲ್ಬರ್ನ್‌ನಲ್ಲಿ ಆಗ ಚಳಿಗಾಲ, ಯಾರಿಗೂ ರಜೆಯಿಲ್ಲ. ಇಶಾ ಸಂಜೆ ಆಫೀಸ್ ಮುಗಿಸಿ ಓಡಿಬಂದು ಅಮ್ಮನನ್ನು ಊಟಕ್ಕೆ ಕರೆದೊಯ್ದು, ಇವತ್ತು ಏನೇನು ನೋಡಿದೆ ಎಂದು ಕೇಳಿ, ಹೋಟೆಲ್ಲಿಗೆ ಬಿಟ್ಟು ಹೋಗುತ್ತಿದ್ದಳು. ಹಗಲೆಲ್ಲ ಶಕುಂತಲಾ ಒಬ್ಬಳೇ ನೋಡಿದಳು. ಲೈಬ್ರರಿಯ ಗುಮ್ಮಟದ ಕೆಳಗೆ ಕೂತು ಓದುವವರನ್ನು ನೋಡಿದಳು. ಗ್ಯಾಲರಿಯ ಬಾಗಿಲಲ್ಲಿ ಗಾಜಿನ ಮೇಲೆ ಇಳಿಯುವ ನೀರಿಗೆ ಎಲ್ಲರ ಹಾಗೆ ತಾನೂ ಬೆರಳಿಟ್ಟಳು. ಫ್ಲಿಂಡರ್ಸ್ ಸ್ಟ್ರೀಟ್ ಸ್ಟೇಷನ್ನಿನ ಗಡಿಯಾರಗಳ ಕೆಳಗೆ ನಿಂತಳು, ಅಲ್ಲಿ ನಿಂತವರೆಲ್ಲ ಯಾರಿಗೋ ಕಾಯುತ್ತಿದ್ದರು, ಯಾರಾದರೂ ಬರುತ್ತಲೂ ಇದ್ದರು. ಊರನ್ನು ಪುಕ್ಕಟೆ ಸುತ್ತಿಸುವ ಟ್ರಾಮ್ ಒಂದಿತ್ತು, ಹತ್ತಿದ ಕಡೆಗೇ ತಂದು ಇಳಿಸುತ್ತಿತ್ತು. ದಿನಾ ಹತ್ತಿದಳು. ಪ್ರದಕ್ಷಿಣೆ ಚೆನ್ನಾಗಿಯೇ ಆಯಿತು, ಗರ್ಭಗುಡಿಗೆ ಬಿಡುವವರಿರಲಿಲ್ಲ.

ಒಂದೇ ಒಂದು ಸಂಜೆ ಇಶಾ ಮನೆಗೆ ಕರೆದಳು. ಜೊತೆಯ ಹುಡುಗಿಯರು ಪಾಸ್ತಾ ಮಾಡಿದ್ದರು. ಸಾರಿನ ಪುಡಿ ತರಲೇ ಎಂದು ಕೇಳಿದ್ದಕ್ಕೆ ಇಶಾ, ನೀನು ಗೆಸ್ಟ್ ಅಮ್ಮ, ಸುಮ್ನೆ ಕೂತ್ಕೋ ಅಂದಿದ್ದಳು. ಶಕುಂತಲಾ ಸುಮ್ಮನೆ ಕೂತಳು. ಕೂತದ್ದು ಮಗಳ ರೂಮಿನ ಬೂದು ಬಣ್ಣದ ಸೋಫಾದ ಮೇಲೆ. ಕೈಗೆ ಏನೋ ಪಟ್ಟಿ ತಗುಲಿತು. ಸ್ವೀಡನ್ನಿನ ಮನೆಯಲ್ಲಿದ್ದುದೂ ಇದೇ ಸೋಫಾ, ಆ ಪಟ್ಟಿ ಎಳೆದರೆ ಹಾಸಿಗೆಯಾಗುತ್ತದೆ. ಇಶಾ ಚಿಕ್ಕವಳಿದ್ದಾಗ ಜ್ವರ ಬಂದರೆ ಇಬ್ಬರೂ ಅದರ ಮೇಲೇ ಮಲಗುತ್ತಿದ್ದರು. ಊಟ ಮುಗಿಯುವ ತನಕ ಶಕುಂತಲಾ ಆ ಪಟ್ಟಿ ಬಿಡಲಿಲ್ಲ. ಎಳೆಯಲೂ ಇಲ್ಲ.

ಕೊನೆಯ ದಿನಗಳಲ್ಲಿ ಪೆಂಗ್ವಿನ್ ಟೂರ್. ಊರಿಂದ ದೂರದ ದ್ವೀಪವೊಂದರಲ್ಲಿ, ಕತ್ತಲಾಗುತ್ತಲೇ ಮೊಣಕಾಲೆತ್ತರವೂ ಇಲ್ಲದ ಪೆಂಗ್ವಿನ್‌ಗಳು ಸಮುದ್ರದಿಂದ ಎದ್ದು, ಸೊಂಟನೋವಿನ ಹೆಂಗಸರ ಹಾಗೆ ಓಲಾಡುತ್ತ ತಂತಮ್ಮ ಗೂಡಿಗೆ ನಡೆದು ಹೋಗುತ್ತವೆ. ಅಷ್ಟೇ. ಅದನ್ನು ನೋಡಲು ಲೋಕದ ಜನ ಕಾಸು ಕೊಟ್ಟು ಚಳಿಯಲ್ಲಿ ಮೆಟ್ಟಿಲ ಮೇಲೆ ಕೂರುತ್ತಾರೆ. ಗೂಡಿನ ಒಳಗಿನವು ಕೂಗಿದರೆ ಹೊರಗಿನವು ಉತ್ತರ ಕೊಡುತ್ತಿದ್ದವು. ಒಂದೂ ಬರಲಾ, ಬೇಡವಾ ಎಂದು ಕೇಳಲಿಲ್ಲ. ಫೋಟೋ ತೆಗೆಯುವ ಹಾಗಿರಲಿಲ್ಲ. ಶಕುಂತಲಾ ಬಸ್ಸಿನಲ್ಲಿ ಹೋಟೆಲ್ಲಿಗೆ ವಾಪಸಾದಳು.

ಆಗಸ್ಟಿನಲ್ಲಿ ದಾಗಿಸ್ ತೆರೆಯಿತು. ಹೇಗಿತ್ತು ಮೆಲ್ಬರ್ನ್ ಎಂದು ಎಲ್ಲರೂ ಒಂದೊಂದು ಸಲ ಕೇಳಿದರು. ಚೆನ್ನಾಗಿತ್ತು ಅಂದಳು. ಮುಗಿಯಿತು. ಕನ್ನಡ ಕೂಟದ ಗೆಳತಿ ಊರ್ಮಿಳಾ ಮಾತ್ರ ಫೋನಿನ ಫೋಟೋಗಳನ್ನೆಲ್ಲ ಬೆರಳಲ್ಲಿ ಸರಿಸಿ ಸರಿಸಿ, ಗಡಿಯಾರ, ಗುಮ್ಮಟ, ಗೋಡೆಚಿತ್ರ ಎಲ್ಲ ನೋಡಿ, ಇಷ್ಟು ದೊಡ್ಡ ಊರಲ್ಲಿ ನಿನ್ನ ಮಗಳ ಮನೆ ಎಲ್ಲಿದೆ ಕಣೇ ಎಂದು ಕೇಳಿದಳು. ಶಕುಂತಲಾ ಕಾಫಿ ಬಿಸಿ ಮಾಡಲು ಎದ್ದಳು.

ಅಕ್ಟೋಬರ್‌ನ ಒಂದು ಭಾನುವಾರ ಬೆಳಿಗ್ಗೆ ಇಶಾಳ ಕಾಲ್ ಬಂತು. ಕ್ರಿಸ್ಮಸ್ ರಜೆಗೆ ಸ್ವೀಡನ್ನಿಗೆ ಬರುತ್ತಿದ್ದಳು. “ನಿಂಗೆ ತೊಂದರೆ ಬೇಡ ಅಮ್ಮ, ನಾನು ಫ್ರೆಂಡ್ ಮನೇಲಿ ಇರ್ತೀನಿ. ದಿನಾ ಬಂದು ಹೋಗ್ತೀನಿ. ಓಕೆನಾ?”

ನಿನಗೆ ಹೇಗೆ ಅನುಕೂಲವೋ ಹಾಗೆ ಎನ್ನುವ ಮಾತು ಆಗಲೇ ನಾಲಿಗೆ ತುದಿಗೆ ಬಂದು ನಿಂತಿತ್ತು. ಶಕುಂತಲಾ ಅದನ್ನು ನುಂಗಿಕೊಂಡಳು.

“ಓಕೆ ಅಲ್ಲ. ಮನೇಲೇ ಇರು. ನನ್ನ ಜೊತೆ.”

ನೆಟ್‌ವರ್ಕ್ ಹೋಯಿತೇನೋ ಎಂದು ಶಕುಂತಲಾ ಫೋನನ್ನು ಕಿಟಕಿಯ ಹತ್ತಿರ ಒಯ್ದಳು.

“ಹಾಗಂತ ಆಗ್ಲೇ ಹೇಳಬಹುದಿತ್ತಲ್ಲ ಅಮ್ಮ” ಎಂದಳು ಇಶಾ. “ನೀನು ಬರ್ತೀಯ ಅಂತಾನೇ ನಾನು ಆ ಸೋಫಾ ತಗೊಂಡಿದ್ದು. ಆಮೇಲೆ ನೀನು ಬೇಡ ಅಂದೆ.”

ಶಕುಂತಲಾ, ಡಿಸೆಂಬರ್‌ಗೆ ಸಾರಿನ ಪುಡಿ ಹೊಸದು ಮಾಡಿಡುತ್ತೇನೆ ಎಂದಷ್ಟೇ ಅಂದಳು. ಇಶಾ ಹೂಂ ಅಂದಳು.

ಫೋನ್ ಇಟ್ಟು ಬಂದು ಸೋಫಾದ ಪಟ್ಟಿ ಹಿಡಿದು ಎಳೆದಳು. ಹಾಸಿಗೆ ಬಿಚ್ಚಿಕೊಂಡು ಅರ್ಧ ಹಾಲ್ ತುಂಬಿತು. ಡಿಸೆಂಬರ್ ಇನ್ನೂ ದೂರವಿತ್ತು, ಮಡಚಿಡಬೇಕಿತ್ತು. ಮಡಚಲಿಲ್ಲ. ಅಡುಗೆಮನೆಗೆ ಹೋಗುವಾಗ ಬರುವಾಗ ಅದನ್ನು ಸುತ್ತು ಹಾಕಿಕೊಂಡೇ ಓಡಾಡಿದಳು.