ಕಾದಾಡದ ಟಗರು

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಆ ವರ್ಷಗಳಲ್ಲಿ, ಐ.ಡಿ.ಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಮಕ್ಕಳಿಗಿಂತ ಮೊದಲು ಟಗರಿಗೆ ಊಟ. ನೆನೆಸಿದ ಹುರುಳಿ, ಹಸಿ ಮೊಟ್ಟೆ, ಕಡ್ಲೇಕಾಯಿ ಹಿಂಡಿ ಎಲ್ಲ ಕರಿಯನ ಬಾನಿಗೆ. ನಮಗೆ ಮುದ್ದೆ, ಉಪ್ಪೆಸರು. ಕರಿಯನನ್ನು ಸಾಕಿದವನು ನನ್ನ ದೊಡ್ಡಪ್ಪ. ಅವನಿಗೆ ಬಹುವಚನ ಹಾಕಲು ಇಂದಿಗೂ ನನಗೆ ಕೈ ಬರುವುದಿಲ್ಲ. ಕಾಳಗದ ಟಗರು ಸದಾ ಸಿಟ್ಟಿನಲ್ಲಿರಬೇಕೆಂದು ಅದನ್ನು ಮಂದೆಯಿಂದ ಬೇರ್ಪಡಿಸಿ, ಬೆಳಕಿಲ್ಲದ ಕೊಟ್ಟಿಗೆಯಲ್ಲಿ ಕಟ್ಟಿದ್ದ. ದಿನಾ ಬೆಳಿಗ್ಗೆ ಮೂಗಿನ ಮೇಲೆ ಕೋಲಿನಿಂದ ಹೊಡೆಯುತ್ತಿದ್ದ. ಹೊಡೆಯುವಾಗ ಅವನ ಮುಖದಲ್ಲಿ ಒಂದು ತೃಪ್ತಿ ಇರುತ್ತಿತ್ತು. ನಾನು ಅವನನ್ನು ದ್ವೇಷಿಸಿದ್ದು ಅದನ್ನು ಕಂಡೇ.

ಕರಿಯನಿಗೆ ಬೊಳ್ಳ ಎಂಬ ಜೊತೆ ಟಗರೊಂದಿತ್ತು. ಅದರ ಹಣೆಯಲ್ಲಿ ಬಿಳಿ ಮಚ್ಚೆ. ಹುಟ್ಟಿದಾಗಲೇ ತಾಯಿ ಸತ್ತಿದ್ದರಿಂದ ಅಜ್ಜಿ ಅದನ್ನು ಕರಿಯನ ತಾಯಿಯ ಕೆಚ್ಚಲಿಗೆ ಬಿಟ್ಟು ಉಳಿಸಿದ್ದಳು. ಮಂದೆಯಲ್ಲಿದ್ದಾಗ ಎರಡೂ ಒಂದರ ಬೆನ್ನಿಗೊಂದು ಒರಗಿ ಮಲಗುತ್ತಿದ್ದವು. ದೊಡ್ಡಪ್ಪ ಬೊಳ್ಳನನ್ನು ತಾವರೆಕೆರೆಯವನೊಬ್ಬನಿಗೆ ಮಾರಿಬಿಟ್ಟ. ಆ ವಾರವೆಲ್ಲ ಕರಿಯ ಹುರುಳಿ ಮುಟ್ಟಲಿಲ್ಲ. ಕುರಿಗೆ ಅದೆಲ್ಲ ಏನು ತಿಳಿಯುತ್ತದೆ ಎಂದು ದೊಡ್ಡಪ್ಪ ನಕ್ಕ.

ನನಗಾಗ ಹತ್ತು ವರ್ಷ. ಒಲೆಯ ಇದ್ದಿಲು ಕೈಗೆ ಸಿಕ್ಕರೆ ಗೋಡೆ ಬಿಡುತ್ತಿರಲಿಲ್ಲ. ಮೂತ್ರ, ಹಿಕ್ಕೆಗಳ ಘಾಟು ಮೂಗಿಗೆ ಹೊಡೆಯುವ ಆ ಕೊಟ್ಟಿಗೆಯ ಬಾಗಿಲಲ್ಲಿ ಕೂತು ಕರಿಯನನ್ನು ಬರೆಯುತ್ತಿದ್ದೆ. ಅದು ನನ್ನನ್ನೂ ನಂಬುತ್ತಿರಲಿಲ್ಲ. ಹಗ್ಗ ಜಗ್ಗಿಕೊಂಡು ಗುದ್ದಲು ಬರುತ್ತಿತ್ತು. ಚಿತ್ರದಲ್ಲಿ ಕೊಂಬು ಚೆನ್ನಾಗಿ ಬರುತ್ತಿತ್ತು, ಕಣ್ಣಿಗೆ ಮಾತ್ರ ಜೀವವಿರುತ್ತಿರಲಿಲ್ಲ. ಒಂದು ದಿನ ಅಜ್ಜಿ ಬಂದು ನೋಡಿದಳು.

"ಇದು ಮನುಸ್ರ ಕಣ್ಣು ಕಣಮ್ಮಿ. ನೀನು ಅದ್ನ ನೋಡಿದ್ದು ಸಾಕು. ಅದು ನಿನ್ನ ಹೆಂಗೆ ನೋಡ್ತೈತೆ ಅಂತ ನೋಡು."

ಇದ್ದಿಲು ಕೆಳಗಿಟ್ಟು ಎಷ್ಟೋ ದಿನ ಸುಮ್ಮನೆ ಕೂತೆ. ನಾನು ಕೈ ಎತ್ತಿದರೆ ಅದು ಮೂಗನ್ನು ಹಿಂದಕ್ಕೆಳೆದುಕೊಳ್ಳುತ್ತಿತ್ತು. ದೊಡ್ಡಪ್ಪನ ಚಪ್ಪಲಿ ಸದ್ದು ದೂರದಲ್ಲಿ ಕೇಳಿದರೆ ಸಾಕು, ಕಿವಿಗಳು ಹಿಂದಕ್ಕೆ ಮಲಗುತ್ತಿದ್ದವು. ಅಪ್ಪನ ಚಪ್ಪಲಿಗೆ ಹಾಗಾಗುತ್ತಿರಲಿಲ್ಲ. ಅದು ನಮ್ಮಲ್ಲಿ ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಬಲ್ಲದು ಎಂದು ತಿಳಿದಾಗ ನನಗೆ ಹೆದರಿಕೆಯಾಯಿತು.

ಬೇಸಿಗೆಯಲ್ಲಿ ಸಿರಾ ಹತ್ತಿರದ ಒಣಗಿದ ಕೆರೆಯಂಗಳದಲ್ಲಿ ಕಾಳಗ. ಅಪ್ಪನ ಜೊತೆ ನಾನೂ ಹೋಗಿದ್ದೆ. ಬೀಡಿ ಹೊಗೆ, ಬೋಂಡ ಕರಿಯುವ ಎಣ್ಣೆಯ ವಾಸನೆ, ಧೂಳು. ಎದುರಾಳಿ ಹಿಡಿದು ತಂದ ಟಗರಿನ ಹಣೆಯಲ್ಲಿ ಬಿಳಿ ಮಚ್ಚೆ ಕಂಡಿತು. ದೊಡ್ಡಪ್ಪನಿಗೂ ಗುರುತು ಹತ್ತಿತು. ಆದರೂ ಹಗ್ಗ ಬಿಟ್ಟ. ಎರಡೂ ನುಗ್ಗಿ ಬಂದವು. ನಡುವೆ ನಿಂತುಬಿಟ್ಟವು. ಮೂಸಿಕೊಂಡವು. ಕರಿಯ ತನ್ನ ಕೆನ್ನೆಯನ್ನು ಬೊಳ್ಳನ ಕುತ್ತಿಗೆಗೆ ಉಜ್ಜಿತು.

ಜನ ಹೋ ಎಂದು ನಕ್ಕರು. ದೊಡ್ಡಪ್ಪ ಓಡಿಹೋಗಿ ಕರಿಯನ ಕಣ್ಣಿಗೆ ಮಣ್ಣೆರಚಿ ಮುಖದ ಮೇಲೆ ಬಾರಿಸತೊಡಗಿದ. ಕರಿಯ ನಾಲ್ಕು ಹೆಜ್ಜೆ ಹಿಂದೆ ಸರಿದು, ತಲೆ ತಗ್ಗಿಸಿ, ಅವನ ಮೊಣಕಾಲಿಗೆ ಗುದ್ದಿತು. ಅವನು ಬಿದ್ದ. ನಾನು ಚಪ್ಪಾಳೆ ತಟ್ಟಿದೆ. ಬಿದ್ದಲ್ಲಿಂದಲೇ ಅವನು ನನ್ನನ್ನು ನೋಡಿದ.

ಮರುದಿನ ಬೆಳಿಗ್ಗೆ ಕರಿಯನನ್ನು ಕುಯ್ಯಿಸಿದ. ಮಸಾಲೆಯ ಘಮ ಬೀದಿಗೆಲ್ಲ ಹಬ್ಬಿತ್ತು. ದೊಡ್ಡಪ್ಪ ತಾನೇ ನನ್ನ ತಟ್ಟೆಗೆ ತುಂಡು ಹಾಕಿದ.

"ತಿನ್ನು. ಚಪ್ಪಾಳೆ ತಟ್ಟಿದ್ಯಲ್ಲ."

ಅಪ್ಪ ತಲೆ ತಗ್ಗಿಸಿ ಮುದ್ದೆ ಮುರಿಯುತ್ತಿದ್ದ. ನಾನು ತಿಂದೆ. ರುಚಿಯಾಗಿತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಅದು ನಿಜ.

ಆ ಮಧ್ಯಾಹ್ನ ಪಡಸಾಲೆಯ ಗೋಡೆಯ ಮೇಲೆ ಕೆನ್ನೆಗೆ ಕೆನ್ನೆ ಕೊಟ್ಟು ನಿಂತ ಎರಡು ಟಗರುಗಳನ್ನು ಬರೆದೆ. ಮೊದಲ ಸಲ ಕಣ್ಣುಗಳಿಗೆ ಜೀವ ಬಂದಿತ್ತು. ಕುಂಟುತ್ತ ಬಂದ ದೊಡ್ಡಪ್ಪನನ್ನೇ ಅವು ನೋಡುತ್ತಿದ್ದವು. ಅವನು ಅದರ ಮೇಲೆ ಸಗಣಿ ಬಳಿಸಿದ. ಸಗಣಿ ಒಣಗಿದ ಮೇಲೆ ಮತ್ತೆ ಬರೆದೆ. ಈ ಸಲ ಕರಿಯನಿಗೆ ಹೊಡೆಯುತ್ತಿದ್ದ ಅದೇ ಕೋಲಿನಿಂದ ನನ್ನ ಬಲಗೈ ಬೆರಳುಗಳಿಗೆ ಹೊಡೆದ. ಅಜ್ಜಿ ನಡುವೆ ಬಂದು ನಿಂತಳು.

"ಇನ್ನೊಂದ್ಸಲ ಕೈ ಎತ್ತುದ್ರೆ ನಾನೇ ಬರೀತೀನಿ ಕಣ್ಲಾ, ಬೀದಿ ಗೋಡೆ ಮ್ಯಾಲೆ. ಊರೋರೆಲ್ಲ ನೋಡ್ಲಿ."

ಆಮೇಲೆ ಅವನು ಆ ಚಿತ್ರದ ತಂಟೆಗೆ ಬರಲಿಲ್ಲ. ನನ್ನೊಡನೆ ಮಾತೂ ಆಡಲಿಲ್ಲ.

ಮುಂದೆ ನಾನು ಚಿತ್ರಕಲೆ ಕಲಿತೆ, ಅದರಲ್ಲೇ ಬದುಕಿದೆ. ಟಗರುಗಳನ್ನಷ್ಟೇ ಅಲ್ಲ, ಅವುಗಳಿಗೆ ಕಾಣುವ ನಮ್ಮನ್ನೂ ಬರೆದೆ: ಕಾಲು, ಚಪ್ಪಲಿ, ಕೋಲು ಹಿಡಿದ ಕೈ. ಮನುಷ್ಯರ ಮುಖವೇಕಿಲ್ಲ ಎಂದು ನೋಡಿದವರು ಕೇಳುತ್ತಾರೆ. ದೊಡ್ಡಪ್ಪ ಸತ್ತಾಗ ನಾನು ಹೋಗಲಿಲ್ಲ. ಅದಕ್ಕೆ ನನಗೆ ಬೇಸರವಿಲ್ಲ.

ಬೇಸರ ಇನ್ನೊಂದಕ್ಕಿದೆ. ಆಗ ನಮ್ಮ ಮಂದೆಯ ಪ್ರತಿ ಕುರಿಯ ಮುಖವೂ ನನಗೆ ಗೊತ್ತಿತ್ತು; ಸಂಜೆ ಒಂದು ಬಾರದಿದ್ದರೆ ಯಾವುದೆಂದು ಎಣಿಸದೆ ಹೇಳುತ್ತಿದ್ದೆ. ಹೋದ ವರ್ಷ ಮಧುಗಿರಿ ರಸ್ತೆಯಲ್ಲಿ ಒಂದು ಮಂದೆ ಅಡ್ಡ ಬಂತು. ಕಾರಿನಿಂದ ಇಳಿದು ಬಹಳ ಹೊತ್ತು ನೋಡಿದೆ. ಎಲ್ಲವೂ ಒಂದೇ ಥರ ಕಂಡವು. ಕುರಿ ಕಾಯುತ್ತಿದ್ದ ಹೆಂಗಸು ನನ್ನ ಬಳಿ ಬಂದಳು.

"ಯಾವ್ದು ಬೇಕಮ್ಮ, ಮಾಂಸಕ್ಕಾ?"

ಅಲ್ಲ ಎಂದು, ಹತ್ತಿರದ ಕುರಿಯೊಂದರ ಮುಖವನ್ನು ಮತ್ತೆ ನೋಡತೊಡಗಿದೆ.