ದೊಡ್ಡ ಪರದೆಯ ಮೇಲೆ ನನ್ನ ನಾಯಿಯ ಹೊಟ್ಟೆ

ಸಾವಿರದ ಒಂಬೈನೂರ ತೊಂಬತ್ತೊಂದರಲ್ಲಿ ನಾನು ಓದು ಬಿಟ್ಟೆ. ಏಳನೇ ಕ್ಲಾಸು ಪಾಸಾಗಿತ್ತು. ಎಂಟಕ್ಕೆ ಸೇರುವ ಹೊತ್ತಿಗೆ ಚಳ್ಳಕೆರೆಯ ಶಾಮಿಯಾನದ ಅಂಗಡಿಯೊಂದರಲ್ಲಿ ಗೂಟ ಹೊಡೆಯುವ ಕೆಲಸ ಸಿಕ್ಕಿತು. ಅದರಲ್ಲೇ ಬೆಳೆದು ಸ್ವಂತ ಅಂಗಡಿ ಇಟ್ಟೆ. ಇವತ್ತು ಚಳ್ಳಕೆರೆ, ಮೊಳಕಾಲ್ಮೂರು ಎರಡೂ ತಾಲ್ಲೂಕಿನಲ್ಲಿ ಯಾರಿಗೆ ಕುರ್ಚಿ, ಮೈಕು, ಪರದೆ ಬೇಕಾದರೂ ಮೊದಲು ನನಗೇ ಫೋನು ಮಾಡುತ್ತಾರೆ. ನನ್ನ ಮೈಕು ಕೀರಿದ್ದಿಲ್ಲ, ಕುರ್ಚಿ ಮುರಿದದ್ದಿಲ್ಲ. ನಾನೇ ಹೇಳಿಕೊಳ್ಳುತ್ತಿದ್ದೇನೆ, ಯಾಕೆಂದರೆ ಅದು ನಿಜ.

ಕುರ್ಚಿ ಕಾಯುವುದಕ್ಕೆ ನನಗೊಂದು ನಾಯಿ ಇದೆ. ಬೂದಿ ಬಣ್ಣದ, ಉದ್ದ ಕಾಲಿನ ನಾಟಿ ಹೆಣ್ಣು. ವ್ಯಾನಿನ ಮುಂದಿನ ಸೀಟು ಅದರದ್ದು; ನನ್ನ ಹೆಂಡತಿ ಬಂದರೂ ಬಿಟ್ಟುಕೊಡುವುದಿಲ್ಲ. ಅದು ಬಂದ ಮೇಲೆ ಒಂದು ಕುರ್ಚಿಯೂ ಕಳುವಾಗಿಲ್ಲ.

ಕಳೆದ ವರ್ಷ ಅದರ ಹೊಟ್ಟೆ ದೊಡ್ಡದಾಯಿತು. ಬೆದೆಗೆ ಬಂದು ಎರಡು ತಿಂಗಳಾಗುತ್ತ ಬಂದಿತ್ತು, ಹಾಗಾಗಿ ನನಗೆ ಅನುಮಾನವೇ ಬರಲಿಲ್ಲ. ಕುರ್ಚಿ ಇಳಿಸಿದ ಊರಿನಲ್ಲೆಲ್ಲ ಮರಿ ಕೊಡುತ್ತೇನೆಂದು ಮಾತು ಕೊಟ್ಟುಬಿಟ್ಟೆ. ಬಿ.ಜಿ. ಕೆರೆಯಲ್ಲಿ ಶೇಂಗಾ ಬೆಳೆಯುವ ಗೆಳೆಯನೊಬ್ಬ ಇಟ್ಟಿಗೆಯಲ್ಲಿ ಗೂಡನ್ನೇ ಕಟ್ಟಿಸಿದ.

ಹೆಂಡತಿಗೆ ಮಾತ್ರ ಸಮಾಧಾನವಿರಲಿಲ್ಲ. "ರೀ, ಬರೀ ನೀರು ಕುಡೀತೈತೆ. ಅನ್ನ ಮೂಸಿನೂ ನೋಡಲ್ಲ. ಡಾಕ್ಟ್ರಿಗೆ ತೋರಿಸ್ರಿ."

"ಬಸುರಿ ಅಂದ್ರೆ ಹಂಗೇ ಕಣೇ. ನೀನೂ ಹಂಗೇ ಇದ್ದೆ."

"ನಾನು ಬಕೆಟ್‌ಗೆ ಬಾಯಿ ಹಾಕಿದ್ನಾ?"

ನಾನು ನಾಯಿಯನ್ನು ಹತ್ತಿಸಿಕೊಂಡು ವ್ಯಾನು ಹೊರಡಿಸಿದೆ. ಆವತ್ತು ಚಳ್ಳಕೆರೆಯ ಕಲ್ಯಾಣ ಮಂಟಪವೊಂದರಲ್ಲಿ ಪಶುವೈದ್ಯರ ತರಬೇತಿ ಇತ್ತು. ಎರಡೂ ತಾಲ್ಲೂಕಿನ ಡಾಕ್ಟರುಗಳು ವರ್ಷವಿಡೀ ದನ, ಕುರಿ ನೋಡುವವರು. ಕುದಾಪುರದ ಕಡೆ ವಿಜ್ಞಾನದ ದೊಡ್ಡ ಸಂಸ್ಥೆಗಳು ಬಂದ ಮೇಲೆ, ಅಲ್ಲಿ ಕೆಲಸಕ್ಕೆ ಬಂದವರು ನಾಯಿ, ಬೆಕ್ಕು ಎತ್ತಿಕೊಂಡು ಆಸ್ಪತ್ರೆಗೆ ಬರತೊಡಗಿದ್ದರು. ಅವುಗಳ ಹೊಸ ಚಿಕಿತ್ಸೆ, ಕೈಯಲ್ಲಿ ಹಿಡಿಯುವಷ್ಟು ಸಣ್ಣ ಸ್ಕ್ಯಾನಿಂಗ್ ಯಂತ್ರ, ಇವನ್ನೆಲ್ಲ ಕಲಿಸಲು ಹೊರಗಿನಿಂದ ಒಬ್ಬ ಡಾಕ್ಟರ್ ಮೇಡಂ ಬಂದಿದ್ದರು. ತಲೆ ನರೆತ ಡಾಕ್ಟರುಗಳೂ ಶಾಲೆಯ ಹುಡುಗರ ಹಾಗೆ ಹಿಂದಿನ ಸಾಲಿಗೇ ನುಗ್ಗುವುದನ್ನು ನೋಡಿ ನನಗೆ ಖುಷಿಯೋ ಖುಷಿ.

ಮಧ್ಯಾಹ್ನ ಸ್ಕ್ಯಾನಿಂಗ್ ಮಾಡಿ ತೋರಿಸಬೇಕು, ಆದರೆ ಗೊತ್ತು ಮಾಡಿದ್ದ ನಾಯಿಯೇ ಬರಲಿಲ್ಲ. ಮಂಚದ ಕೆಳಗೆ ಸೇರಿಕೊಂಡಿದೆಯೆಂದು ಅದರ ಯಜಮಾನ ಫೋನು ಮಾಡಿದ. ನಾನು ಬಿಡುತ್ತೇನೆಯೇ?

"ನಂದೈತೆ ಮೇಡಂ, ವ್ಯಾನಿನಾಗೆ. ಗಬ್ಬ ಬೇರೆ ಆಗೈತೆ. ಮರಿ ಎಣಿಸಿ ತೋರ್ಸಿ."

ಮೊಳಕಾಲ್ಮೂರಿನ ಕಡೆಯ ಹಿರಿಯ ಡಾಕ್ಟರು ಕೂಗಿದರು: "ಏನಯ್ಯಾ, ನನಗೊಂದು ಮರಿ ಇಟ್ಟಿರು!"

"ಆಗ್ಲಿ ಸಾರ್, ಆದ್ರೆ ಕ್ಯೂನಾಗೆ ನೀವು ಭಾಳ ಹಿಂದಿದೀರಿ."

ನಾಯಿಯನ್ನು ಮೇಜಿನ ಮೇಲೆ ಮಲಗಿಸಿದೆವು. ಮೇಡಂ ಅದರ ಹೊಟ್ಟೆಗೆ ಜೆಲ್ ಹಚ್ಚಿ ಯಂತ್ರ ಇಟ್ಟರು. ನನ್ನ ಪರದೆಯ ಮೇಲೆ, ಅಷ್ಟಗಲ, ಕಪ್ಪು ಕಪ್ಪು ಗುಂಡನೆಯವು ಮೂಡಿದವು. ನನ್ನ ಕೈಯಲ್ಲಿ ಮೈಕಿತ್ತು. "ಒಂದು, ಎರಡು, ಮೂರು... ಐದು ಮರಿ!" ಎಂದು ಕೂಗಿಯೇಬಿಟ್ಟೆ. ಯಾರೋ ಚಪ್ಪಾಳೆ ಹೊಡೆದರು.

ಮೇಡಂ ನಗಲಿಲ್ಲ. "ಮರಿ ಆಗಿದ್ರೆ ಎದೆ ಬಡ್ಕೊಳ್ಳೋದು ಕಾಣ್ಬೇಕು. ಇಲ್ಲಿ ಏನೂ ಬಡೀತಿಲ್ಲ. ನೀರು ಜಾಸ್ತಿ ಕುಡೀತಾಳಾ?"

ನಾನು ಮೈಕು ಆಫ್ ಮಾಡಿದೆ. "ಹೂಂ ಮೇಡಂ. ಕುಡೀತೈತೆ."

"ಗರ್ಭಕೋಶದ ತುಂಬ ಕೀವು. ಒಳಗೆ ಒಡೆದ್ರೆ ಬದುಕೋದು ಕಷ್ಟ. ಇವತ್ತೇ ಗರ್ಭಕೋಶ ತೆಗೀಬೇಕು. ಆಪರೇಷನ್‌ನಲ್ಲೂ ಅಪಾಯ ಇದ್ದೇ ಇದೆ. ಉಳಿದ್ರೂ ಮುಂದೆ ಮರಿ ಆಗಲ್ಲ. ನೀವು ಒಪ್ಬೇಕು."

ನಾಯಿ ಮಲಗಿದ್ದಲ್ಲಿಂದಲೇ ನನ್ನನ್ನು ನೋಡಿತು, ಇವತ್ತು ಯಾವ ಕಡೆಯ ಕುರ್ಚಿ ಕಾಯಲಿ ಎಂದು ಕೇಳುವ ಹಾಗೆ.

"ಮರಿ ಯಾರಿಗೆ ಬೇಕು ಮೇಡಂ. ನನಗೆ ಇದು ಬೇಕು. ಮಾಡ್ರಿ."

ತರಬೇತಿಗೆ ತರಬೇತಿಯೇ ಎದ್ದು ಪಶು ಆಸ್ಪತ್ರೆಗೆ ಬಂತು. ಮೊದಲು ಡ್ರಿಪ್ ಹಾಕಿದರು, ಇಂಜೆಕ್ಷನ್ ಕೊಟ್ಟರು. ಅಷ್ಟರಲ್ಲಿ ನಾನು, ಕರೆಂಟು ಹೋದರೆ ಗತಿಯೇನೆಂದು, ಜನರೇಟರ್ ಎಳೆದು ತಂದು ಬಾಗಿಲಲ್ಲಿ ನಿಲ್ಲಿಸಿದೆ. ಕರೆಂಟು ಹೋಗಲೇ ಇಲ್ಲ. ಒಳ್ಳೆಯದೇ ಆಯಿತು, ಆದರೂ ಸ್ವಲ್ಪ ಬೇಸರವಾಯಿತು.

ಮೇಡಂ ಒಂದೊಂದೇ ಹಂತ ಹೇಳುತ್ತ ಕೊಯ್ದರು, ಉಳಿದವರು ಸುತ್ತ ನಿಂತು ಕಲಿತರು. ನಾನು ಹೊರಗೆ ನಿಂತು ಹೆಂಡತಿಗೆ ಫೋನು ಮಾಡಿದೆ.

"ನೀರಿನ ವಿಷ್ಯ ನಾನು ಹೇಳಿದ್ನೋ ಇಲ್ವೋ?"

"ಹೇಳಿದ್ದೆ ಕಣೇ."

"ಹೊದಿಸೋಕೆ ಕಂಬಳಿ ತರ್ತೀನಿ, ಇರ್ರಿ."

ಸಂಜೆ ಆ ಕಂಬಳಿಯ ಕೆಳಗಿಂದ ನಾಯಿ ತಲೆ ಎತ್ತಿತು. ಎದುರಿಗಿದ್ದ ಆಸ್ಪತ್ರೆಯ ಕುರ್ಚಿಯ ಹತ್ತಿರ ಒಬ್ಬರು ಬಂದದ್ದೇ ತಡ, ನಿದ್ದೆಗಣ್ಣಿನಲ್ಲೇ ಗುರ್ ಎಂದಿತು. "ಗಟ್ಟಿ ನಾಯಿ ಕಣ್ರೀ" ಎಂದು ಮೇಡಂ ಆಗ ನಕ್ಕರು. ಮರುದಿನ ಡಾಕ್ಟರುಗಳಿಗೆಲ್ಲ ಸರ್ಟಿಫಿಕೇಟು ಸಿಕ್ಕಿತು. ಪಾಠಕ್ಕೆ ಹೊಟ್ಟೆ ಕೊಟ್ಟ ನಾಯಿಗೆ ಯಾರೂ ಕೊಡಲಿಲ್ಲ.

ನಾಯಿ ಅನ್ನ ತಿನ್ನತೊಡಗಿದ ಮೇಲೆ ನಾನು ಬಿ.ಜಿ. ಕೆರೆಗೆ ಹೋದೆ. ಗೆಳೆಯ ಗೂಡಿನ ಮುಂದೆಯೇ ಹಿಡಿದುಕೊಂಡ.

"ಲೇ, ಐದು ಮರಿ ಅಂತ ಮೈಕಿನಾಗೆ ಕೂಗಿದ್ಯಂತೆ?"

"ಕೂಗ್ದೆ ಕಣಲೇ. ಸೌಂಡ್ ಹೆಂಗಿತ್ತಂತೆ?"

"ಸೌಂಡ್ ಮನೆ ಹಾಳಾಗ್ಲಿ, ಈ ಗೂಡಿಗೆ ಏನ್ ಮಾಡ್ಲಿ?"

"ಕೋಳಿ ಬಿಡಲೇ."

ಬಿಟ್ಟಿದ್ದಾನೆ. ನಾನು ಈಗ ಪಶುವೈದ್ಯರ ತರಬೇತಿಗೆ ಪರದೆ ಕಟ್ಟಿದರೆ ಹೊರಗೆ ಬೀಡಿ ಸೇದಲು ಹೋಗುವುದಿಲ್ಲ. ಹಿಂದಿನ ಸಾಲಿನಲ್ಲಿ ನರೆತ ತಲೆಗಳ ಜೊತೆ ಕೂತು ಕೇಳುತ್ತೇನೆ. ಅರ್ಧ ಇಂಗ್ಲಿಷು, ಆದರೆ ಪರದೆ ನನ್ನದೇ, ಚೆನ್ನಾಗಿ ಕಾಣುತ್ತದೆ.

ಸದ್ಯ ನನ್ನ ಹತ್ತಿರ ಇರುವುದು ಇಷ್ಟು: ಕುರ್ಚಿ ಐನೂರು, ಶಾಮಿಯಾನ ಹನ್ನೆರಡು, ಮೈಕ್ ಸೆಟ್ ಮೂರು, ಪರದೆ ಒಂದು, ಜನರೇಟರ್ ಎರಡು, ವ್ಯಾನು ಒಂದು, ನಾಯಿ ಒಂದು. ಮರಿ ಇಲ್ಲ.