ಹಾಯಿದೋಣಿಯಲ್ಲಿ ನುಸಿಗುಳಿಗೆ

ಮುಜುಗರದ ಮಾತನ್ನು ನಾನು ನನ್ನ ದನಿಯಲ್ಲಿ ಆಡುವುದಿಲ್ಲ. ರಜೆ ಬೇಕಾದರೆ ಮ್ಯಾನೇಜರನ ಮುಂದೆ ನಿಂತು, ಅವನ ಮೇಲಿನ ಮ್ಯಾನೇಜರನ ದನಿಯಲ್ಲಿ ಕೇಳುತ್ತೇನೆ. ಚೆನ್ನೈನ ಬೆಸೆಂಟ್ ನಗರದ ನಮ್ಮ ಮನೆಯೊಡತಿಗೆ ನೀರಿನ ಮೋಟರು ಹಾಕಲು ಹೇಳಬೇಕಾದರೆ ಮೊದಲು ಅವರ ಗಂಡನ ಕೆಮ್ಮನ್ನು ಕೆಮ್ಮುತ್ತೇನೆ. ಜನ ನಗುತ್ತಾರೆ, ಕೆಲಸ ಆಗುತ್ತದೆ. ನಿನ್ನ ಸ್ವಂತ ದನಿ ಎಲ್ಲಿದೆಯಪ್ಪ ಎಂದು ಯಾರಾದರೂ ಕೇಳಿದರೆ, ಸರ್ವಿಸ್‌ಗೆ ಕೊಟ್ಟಿದ್ದೇನೆ ಎನ್ನುತ್ತೇನೆ.

ಈ ವಿದ್ಯೆ ಒಂದೇ ಒಂದು ಸಲ ನನಗೆ ಸರಿಯಾಗಿ ಕೈಕೊಟ್ಟಿತು. ಅದೂ ಎಲ್ಲಿ ಅಂತೀರಿ? ಅಂಡಮಾನಿನ ನಡುನೀರಿನಲ್ಲಿ, ಹಾಯಿದೋಣಿಯೊಂದರ ಕಕ್ಕಸಿನ ಬಾಗಿಲಲ್ಲಿ.

ದೋಣಿ ನನ್ನದಲ್ಲ, ಹೆದರಬೇಡಿ. ನಮ್ಮ ಪಕ್ಕದ ಮನೆಯ ಕ್ಯಾಪ್ಟನ್ನರದು. ಹಡಗಿನಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದ ಈ ತಮಿಳರನ್ನು ನಮ್ಮ ಬೀದಿಯಿಡೀ ಕ್ಯಾಪ್ಟನ್ ಎಂದೇ ಕರೆಯುತ್ತದೆ. ಚಳಿಗಾಲ ಬಂತೆಂದರೆ ಅವರು ದ್ವೀಪಗಳ ನಡುವೆ ದೋಣಿಯಲ್ಲೇ ಸಂಸಾರ ಹೂಡುತ್ತಾರೆ. ನಾನು ಶೋಳಿಂಗನಲ್ಲೂರಿನ ಆಫೀಸಿನಲ್ಲಿ ವರ್ಷವಿಡೀ ರಜೆ ಕೂಡಿಟ್ಟು, ಹಗ್ಗ ಎಳೆಯಲು, ಪಾತ್ರೆ ತೊಳೆಯಲು ಹೋಗುತ್ತೇನೆ. ಸಂಬಳವಿಲ್ಲ. ಬದಲಿಗೆ ನನ್ನ ಕಡೆಯ ನೆಂಟರಿಷ್ಟರನ್ನು ಕರೆಯಬಹುದು.

ಕರೆದದ್ದೇ ತಡ, ಚೆನ್ನೈನ ಗೆಳೆಯರು ಬಿಳಿ ಅಂಗಿ, ಕಪ್ಪು ಕನ್ನಡಕ ಕೊಂಡು ವಿಮಾನ ಹತ್ತುತ್ತಾರೆ. ದೋಣಿಯ ಮೂತಿಯಲ್ಲಿ ಕೈಚಾಚಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆಮೇಲೆ ಒಳಗಿಳಿದು, "ಮಿಕ್ಕ ರೂಮುಗಳೆಲ್ಲಿ?" ಎಂದು ಕೇಳುತ್ತಾರೆ. ಮಿಕ್ಕ ರೂಮುಗಳಿಲ್ಲ. ನಮ್ಮ ಆಫೀಸಿನ ಕ್ಯಾಬನ್ನು ಒಂದು ಪಕ್ಕಕ್ಕೆ ವಾಲಿಸಿ, ಅದರಲ್ಲೇ ಒಲೆ, ಹಾಸಿಗೆ, ಕಕ್ಕಸು ಇಟ್ಟರೆ ಎಷ್ಟು ಜಾಗ ಉಳಿಯುತ್ತದೋ ಅಷ್ಟು.

ನಮ್ಮ ಹಳೇ ಮನೆಗಳನ್ನು ಕಟ್ಟಿದವರು ಬಲು ಜಾಣರು. ಬಂದವರಲ್ಲಿ ಕೆಲವರು ಜಗುಲಿಗೆ, ಕೆಲವರು ನಡುಮನೆಗೆ, ತೀರಾ ಬೇಕಾದವರು ಅಡುಗೆಮನೆಗೆ. ಯಾರ ಯೋಗ್ಯತೆ ಎಷ್ಟೆಂದು ಹೊಸಿಲೇ ಹೇಳುತ್ತಿತ್ತು. ಮನೆಯವರು ಬಾಯಿ ಬಿಡಬೇಕಾಗಿರಲಿಲ್ಲ. ದೋಣಿಯಲ್ಲಿ ಹೊಸಿಲೇ ಇಲ್ಲ. ಮೊದಲ ಗಂಟೆಯಲ್ಲೇ ಅತಿಥಿಯನ್ನು ಕಕ್ಕಸಿನ ಮುಂದೆ ನಿಲ್ಲಿಸಿ ಪಾಠ ಹೇಳಬೇಕು: ಇದು ಕೈಪಂಪು, ಹೀಗೆ ಒತ್ತಬೇಕು, ಹೀಗೆ ಎಳೆಯಬೇಕು, ನಿಮ್ಮ ಹೊಟ್ಟೆಯಿಂದ ಬಂದದ್ದನ್ನು ಬಿಟ್ಟು ಬೇರೇನೂ ಇದರೊಳಗೆ ಬೀಳಬಾರದು. ಅತಿಥಿಗೆ ದೇವರ ಸ್ಥಾನ ಕೊಟ್ಟ ನಮ್ಮ ಹಿರಿಯರು, ದೇವರಿಗೆ ಕಕ್ಕಸಿನ ಪಾಠ ಹೇಗೆ ಹೇಳಬೇಕೆಂಬುದಕ್ಕೆ ಒಂದು ಶ್ಲೋಕ ಬರೆದಿಡಬಾರದಿತ್ತೆ? ಇಲ್ಲದ್ದರಿಂದ ನಾನು ಅದನ್ನು ಕ್ಯಾಪ್ಟನ್ನರ ದನಿಯಲ್ಲಿ ಹೇಳುತ್ತಿದ್ದೆ. ಮೂಗಿನಿಂದ ಹೊರಡುವ ದನಿ, ಪ್ರತಿ ಮಾತಿಗೊಂದು "ತಂಬಿ", ಕೊನೆಗೆ ಹಡಗಿನ ಸಿಳ್ಳೆ. ಗೆಳೆಯರು ಬಿದ್ದು ಬಿದ್ದು ನಗುತ್ತಿದ್ದರು.

ಈ ಸಲ ಬಂದ ಅತಿಥಿಗಳು ಸಹನಾ ಮತ್ತು ಅವಳ ಅಪ್ಪ. ನಾನೂ ಸಹನಾಳೂ ಮದುವೆಯಾಗುವುದೆಂದು ಎಂದೋ ತೀರ್ಮಾನವಾಗಿತ್ತು. ಅದು ಗೊತ್ತಿಲ್ಲದಿದ್ದವರು ಅವಳ ಅಪ್ಪ ಒಬ್ಬರೇ. ಮೊದಲು ಅವರಿಗೆ ನಾನು ಇಷ್ಟವಾಗಬೇಕು, ಆಮೇಲೆ ವಿಷಯ ಎತ್ತಬೇಕು ಎಂಬುದು ಅವಳ ಲೆಕ್ಕಾಚಾರ. ಹಾಗಾಗಿ, "ಫ್ರೆಂಡ್ ಒಬ್ಬ ಬೋಟಿಗೆ ಕರೀತಿದ್ದಾನೆ" ಎಂದಷ್ಟೇ ಹೇಳಿ ಕರೆತಂದಿದ್ದಳು. ಅಪ್ಪ ರಾಯರು ಉಡುಪಿ ಕಡೆಯವರು, ಸೌಕಾರ್‌ಪೇಟೆಯಲ್ಲಿ ಹೋಟೆಲಿಟ್ಟವರು. ಅವಳ ಅಮ್ಮನಿಗೆ ನೀರು ಕಂಡರೆ ತಲೆಸುತ್ತು. ಅವರು ಹೋಟೆಲಿನ ಗಲ್ಲಾದಲ್ಲೇ ಉಳಿದರು. ಹುಡುಗನಾಗಿದ್ದಾಗಿನಿಂದ ಊರಿಗೆಲ್ಲ ಬಡಿಸಿದ ಮನುಷ್ಯ, ಬಡಿಸಿಕೊಳ್ಳಲೆಂದು ಮನೆ ಬಿಟ್ಟದ್ದು ಅದೇ ಮೊದಲು.

ಕಕ್ಕಸಿನ ಪಾಠ ಅಮೋಘವಾಗಿ ಆಯಿತು. ರಾಯರು ಹೊಟ್ಟೆ ಹಿಡಿದುಕೊಂಡು, ಕಣ್ಣೊರೆಸಿಕೊಂಡು ನಕ್ಕರು. ಅರ್ಧ ಗೆದ್ದೆ ಎಂದುಕೊಂಡೆ.

ಉಳಿದರ್ಧವನ್ನು ಉಪಚಾರದಿಂದ ಗೆಲ್ಲಲು ಹೊರಟೆ. ಅವರು ಕೂತಲ್ಲಿಗೆ ನಿಂಬೆ ಶರಬತ್ತು, ಒರಗಿದಲ್ಲಿಗೆ ದಿಂಬು. ಆದರೆ ಆ ಮನುಷ್ಯ ಕೂತರೆ ತಾನೆ! ನಾನು ಒಲೆ ಹಚ್ಚಿದರೆ ಸಾಕು, ಬೆನ್ನ ಹಿಂದೆ ಬಂದು ನಿಲ್ಲುತ್ತಿದ್ದರು.

"ಎಣ್ಣೆ ಕಾಯ್ಲಿಲ್ಲ ಮಾರಾಯ, ಈಗಲೇ ಸಾಸಿವೆ ಹಾಕುದಾ?"

"ಸಾರ್, ನೀವು ಗೆಸ್ಟು. ದಯವಿಟ್ಟು ಕೂತ್ಕೊಳ್ಳಿ."

"ಈರುಳ್ಳಿಯಾದ್ರೂ ಕೊಡು, ಹೆಚ್ಚಿ ಕೊಡ್ತೇನೆ."

"ಅಪ್ಪಾ, ಚುಮ್ಮಾ ಇರುಂಗೋ," ಎಂದು ಸಹನಾ ಗದರುತ್ತಿದ್ದಳು. ಅಪ್ಪ ಉಡುಪಿಯ ಕನ್ನಡದಲ್ಲಿ ಕೇಳುವುದು, ಮಗಳು ಚೆನ್ನೈನ ತಮಿಳಿನಲ್ಲಿ ಸುಮ್ಮನಿರಿಸುವುದು ಅವರ ಮನೆಯ ಪದ್ಧತಿ. ರಾಯರು ಮತ್ತೆ ದಿಂಬಿಗೆ ಒರಗುತ್ತಿದ್ದರು. ಪ್ರತಿ ಸಲ "ಗೆಸ್ಟು" ಎಂದಾಗಲೂ ಅವರ ಮುಖ ಸ್ವಲ್ಪ ಸಣ್ಣದಾಗುತ್ತಿತ್ತು. ಸಮುದ್ರ ಆಗಿಬರಲಿಲ್ಲವೇನೋ ಎಂದುಕೊಂಡು ನಾನು ಇನ್ನೂ ಒಂದು ಶರಬತ್ತು ಕೊಡುತ್ತಿದ್ದೆ.

ಮಾರನೆಯ ದಿನ ಕಕ್ಕಸಿನ ಪಂಪು ಕಚ್ಚಿಕೊಂಡಿತು. ಒತ್ತಿದರೆ ಇಳಿಯದು, ಎಳೆದರೆ ಏಳದು. ನಾನು ಮೂಗಿಗೆ ಟವೆಲ್ ಕಟ್ಟಿ, ಕೊಳವೆ ಬಿಚ್ಚಿ, ಮೊಣಕೈವರೆಗೆ ಕೈ ಇಳಿಸಿದೆ. ಅದರ ವರ್ಣನೆ ಬೇಡ, ನೀವು ಕಾಫಿ ಕುಡಿಯುತ್ತಿರಬಹುದು. ಕೈಗೆ ಸಿಕ್ಕಿದ್ದು ದುಂಡಗಿನ, ಬೆಳ್ಳಗಿನ, ಬಟ್ಟೆಬೀರುವಿನ ವಾಸನೆಯ ನುಸಿಗುಳಿಗೆಗಳು! ಒಂದರ ಹಿಂದೊಂದು, ಪಂಪಿನ ವಾಲ್ವಿನ ಬಾಯಿಗೆ ಅಡ್ಡ ಕೂತಿದ್ದವು.

"ಅದು ನಾನೇ ಹಾಕಿದ್ದು," ಬಾಗಿಲಲ್ಲಿ ಬಗ್ಗಿ ನೋಡುತ್ತಿದ್ದ ರಾಯರೆಂದರು. "ಬ್ಯಾಗಿನಲ್ಲಿ ಬಟ್ಟೆಗೆ ಅಂತ ಇಟ್ಟದ್ದು ಉಂಟಲ್ಲ, ಅದು. ನಿನ್ನೆಯಿಂದ ನನಗೆ ಒಂದು ಕೆಲಸವೂ ಇಲ್ಲ. ಇದಾದ್ರೂ ಪರಿಮಳ ಬರ್ಲಿ ಅಂತ ಕಂಡಿತು. ನಮ್ಮ ಹೋಟೆಲಿನ ಬೇಸಿನ್ನಿಗೆ ಹಾಕುದಲ್ವಾ, ಹಾಗೆ."

ಆಗ ನನ್ನ ಕೈ ಎಲ್ಲಿತ್ತು ಎಂಬುದನ್ನು ನೆನಪಿಟ್ಟುಕೊಂಡು ನನ್ನನ್ನು ಕ್ಷಮಿಸಬೇಕು.

"ರೀ, ಮೊದಲ್ನೇ ದಿನಾನೇ ಬಡ್ಕೊಂಡ್ನಲ್ರೀ! ಇದೇನು ನಿಮ್ ಹೋಟ್ಲಾ? ಚೂರಾದ್ರೂ ತಲೆ ಉಪಯೋಗಿಸ್ಬಾರ್ದಾ?"

ಮೇಲೆ ಕ್ಯಾಪ್ಟನ್ ಏನೂ ಕೇಳಿಸದವರಂತೆ ಸಿಳ್ಳೆ ಹಾಕತೊಡಗಿದರು. ಸಹನಾ ನನ್ನನ್ನು ನೋಡಿದ ನೋಟದಲ್ಲಿ ಮದುವೆ ಮಂಟಪ ಕಂಬ ಕಂಬವಾಗಿ ಬಿಚ್ಚಿಕೊಳ್ಳುತ್ತಿತ್ತು. ನನಗೆ ಅದಕ್ಕಿಂತ ಗಾಬರಿಯಾದದ್ದು ಬೇರೆ ವಿಷಯಕ್ಕೆ: ಆ ಮಾತು ಕ್ಯಾಪ್ಟನ್ನರ ದನಿಯಲ್ಲಿರಲಿಲ್ಲ, ಯಾರ ದನಿಯಲ್ಲೂ ಇರಲಿಲ್ಲ. ನನ್ನದೇ, ನನ್ನೂರು ಮಂಡ್ಯದ್ದೇ.

"ಪಾಠ ಹೇಳುವಾಗ ನೀನು ಬಾಯಿ ಬಿಟ್ಟದ್ದೇ ಕ್ಯಾಪ್ಟನ್ ಹಾಗೆ," ಎಂದರು ರಾಯರು ಮೆಲ್ಲಗೆ. "ನಾನು ನಗುದರಲ್ಲಿದ್ದೆ. ಹಾಕಬಾರದು ಅಂತ ಹೇಳಿದ್ದು ಎಲ್ಲಿ ಕೇಳಿಸಿತು?" ಆಮೇಲೆ ಮೊಣಕಾಲೂರಿ ಕೂತು, "ಎಲ್ಲಿ, ಟಾರ್ಚು ನನ್ನ ಕೈಗೆ ಕೊಡು," ಎಂದರು.

ಆ ಸಂಜೆ ಸಾರು ಮಾಡಿದವರು ಅವರು. ತಡೆಯಲು ನನಗೆ ಮುಖವಿರಲಿಲ್ಲ.

ಚೆನ್ನೈಗೆ ಮರಳಿದ ಮೇಲೆ ಸಹನಾ ಅಪ್ಪನಿಗೆ ವಿಷಯ ಹೇಳಿದಳು. ಅವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. "ಅವನಿಗೆ ಹೋಟೆಲಿಗೆ ಬರ್ಲಿಕ್ಕೆ ಹೇಳು," ಎಂದರಂತೆ.

ಹೋದೆ. ಗಲ್ಲಾದ ಎದುರಿನ ಮೇಜಿನಲ್ಲಿ ಕೂತೆ. ಗೋಡೆಯ ತುಂಬ ಬೋರ್ಡುಗಳು: ತಟ್ಟೆಯಲ್ಲಿ ಕೈ ತೊಳೆಯಬಾರದು, ಹೊರಗಿನ ತಿಂಡಿ ತರಬಾರದು, ಊಟವಾದ ಮೇಲೆ ಹರಟುತ್ತ ಕೂರಬಾರದು. ಇವರೂ ನನ್ನ ಜಾತಿಯವರೇ ಎನಿಸಿತು. ಮುಜುಗರದ ಮಾತೆಲ್ಲ ಬೋರ್ಡಿನ ಬಾಯಲ್ಲಿ. ಯಜಮಾನರದು ನಗುಮುಖ ಮಾತ್ರ. ಅತ್ತ ಕೈತೊಳೆಯುವ ಬೇಸಿನ್ನಿನಲ್ಲಿ ನುಸಿಗುಳಿಗೆಗಳು ಹಲ್ಲು ಕಿರಿಯುತ್ತಿದ್ದವು.

ರಾಯರು ಬಂದು ಎದುರಿಗೆ ಕೂತರು. ಯಾರ ದನಿಯಲ್ಲಿ ಕೇಳಲಿ? ಕ್ಯಾಪ್ಟನ್? ಮ್ಯಾನೇಜರ್? ಕರೆದರೆ ಒಬ್ಬರೂ ಬರಲಿಲ್ಲ.

"ಸಾರ್, ಸಹನಾ... ಅಂದ್ರೆ ನಾನು... ನಾವಿಬ್ರೂ..." ತುಕ್ಕು ಹಿಡಿದ ಗೇಟಿನಂತೆ ನನ್ನ ಸ್ವಂತ ದನಿ ಕಿರುಗುಟ್ಟಿತು.

ಅವರು ಎದ್ದರು. "ಇಲ್ಲಿ ಗಿರಾಕಿಗಳು ಕೂರುದು. ಒಳಗೆ ಬಾ."

ಅಡುಗೆಮನೆಯ ಬಾಗಿಲ ಮೇಲೂ ಒಂದು ಬೋರ್ಡಿತ್ತು: ಹೊರಗಿನವರಿಗೆ ಪ್ರವೇಶವಿಲ್ಲ. ನಾನು ನಿಂತು ಅದರತ್ತ ಬೆರಳು ತೋರಿಸಿದೆ.

"ಅದು ಹೊರಗಿನವರಿಗೆ ಮಾರಾಯ. ಬೋಟಿನಲ್ಲಿ ಗೆಸ್ಟು ಗೆಸ್ಟು ಅಂತ ನನ್ನ ಜೀವ ತಿಂದೆ. ಬೈದೆಯಲ್ಲ, ಆಗ ನನಗೆ ಉಸಿರು ಬಂತು. ಗಿರಾಕಿಗೆ ಯಾರಾದ್ರೂ ಬೈತಾರಾ?"

ಉಬ್ಬಿಹೋಗಿ ಹೊಸಿಲು ದಾಟಿದೆ. ದಾಟಿದ್ದೇ ತಡ, ದೋಸೆಕಲ್ಲುಗಳೆಲ್ಲ ಒಂದು ಕ್ಷಣ ಸುಮ್ಮನಾಗುವಂತೆ ರಾಯರು ಗುಡುಗಿದರು.

"ಏಯ್! ಚಪ್ಪಲಿ ಹಾಕ್ಕೊಂಡು ಅಡುಗೆಮನೆಗೆ ಬರುದಾ? ತಲೆ ಉಂಟಾ ನಿನಗೆ?"

ಅಡುಗೆಭಟ್ಟರೆಲ್ಲ ತಿರುಗಿ ನೋಡಿದರು. ನಾನು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಪದಕ ಗೆದ್ದವನಂತೆ ಹಲ್ಲು ಬಿಟ್ಟುಕೊಂಡು ನಿಂತಿದ್ದೆ.

ಊರವರ ದನಿಯನ್ನೆಲ್ಲ ಕದ್ದು ಊರಿಗೆ ಹಂಚುವವನು ನಾನು. ಆ ಬೈಗುಳ ಒಂದನ್ನು ಮಾತ್ರ ಇವತ್ತಿನವರೆಗೂ ಯಾರ ಮುಂದೆಯೂ ಮಿಮಿಕ್ರಿ ಮಾಡಿ ತೋರಿಸಿಲ್ಲ.